ಜಾಸ್ತಿ ಕೊಡುವ ಗ್ರಾಹಕರು ಯಾವ ದಾರಿಯಲ್ಲಿ ಬರುತ್ತಾರೆ? ಮರಗೆಲಸದವರಿಗೆ ಒಂದು ಹೋಲಿಕೆ

ಫೋನ್ ಎತ್ತಿದ ಕೂಡಲೇ ಎದುರಿನವರು ಮೊದಲು ಏನು ಕೇಳಿದರು ಅಂತ ಬರೆದಿಡುವ ಅಭ್ಯಾಸ ನನಗಿದೆ. ಶುರುವಾದದ್ದು ಸುಮ್ನೆ. ಅಳತೆ ಬರೆಯುವ ಡೈರಿಯ ಮೂಲೆಯಲ್ಲೇ ಗೀಚುತ್ತಿದ್ದೆ. ವರ್ಷದ ಕೊನೆಗೆ ತಿರುವಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. "ರೇಟ್ ಎಷ್ಟು?" ಅಂತ ಮಾತು ತೆಗೆದವರಲ್ಲಿ ಕೆಲಸ ಕೊಟ್ಟವರು ಬೆರಳೆಣಿಕೆಯಷ್ಟು ಜನ. "ಅಳತೆ ತಗೊಳ್ಳೋಕೆ ಯಾವಾಗ ಬರ್ತೀರಿ?" ಅಂತ ಶುರು ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಕೆಲಸ ಕೊಟ್ಟಿದ್ದರು. ಚೌಕಾಸಿಯೂ ಅಷ್ಟಾಗಿ ಮಾಡಿರಲಿಲ್ಲ. ಮೊದಲನೆಯವರು ಬಡವರು, ಎರಡನೆಯವರು ಶ್ರೀಮಂತರು ಅಂತೇನೂ ಇರಲಿಲ್ಲ. ನನ್ನ ಹತ್ತಿರ ಬಂದ ದಾರಿ ಬೇರೆ ಬೇರೆ ಇತ್ತು.

ಹಾಗಾಗಿ ಇಲ್ಲಿ ದಾರಿಗಳನ್ನು ಹೋಲಿಸುವಾಗ ಆ ಮೊದಲ ಪ್ರಶ್ನೆಯನ್ನೇ ಗುರುತಾಗಿ ಇಟ್ಟುಕೊಂಡಿದ್ದೇನೆ. ಇದು ಒಬ್ಬರು, ಇಬ್ಬರು, ಹೆಚ್ಚೆಂದರೆ ನಾಲ್ಕೈದು ಜನ ಸೇರಿ ನಡೆಸುವ ವರ್ಕ್‌ಶಾಪ್‌ಗೆ ಹೊಂದುವ ಮಾತು. ದೊಡ್ಡ ಫ್ಯಾಕ್ಟರಿಯ ಲೆಕ್ಕವೇ ಬೇರೆ.

ಮೊದಲು ಗಂಟೆಯ ಲೆಕ್ಕ

ಜಾಸ್ತಿ ಕೊಡುವ ಗ್ರಾಹಕ ಅಂದರೆ ದೊಡ್ಡ ಬಿಲ್‌ನ ಗ್ರಾಹಕ ಅಂತ ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಒಂದು ಉದಾಹರಣೆ ಹಾಕಿ ನೋಡೋಣ. ಊಟದ ಟೇಬಲ್ ಒಂದರ ಬಿಲ್ 100 ಅಂತಿಟ್ಟುಕೊಳ್ಳಿ. ಮರ, ಅಂಟು, ಪಾಲಿಶ್‌ಗೆ 35 ಹೋಯಿತು. ಉಳಿದದ್ದು 65. ಕೆಲಸಕ್ಕೆ 60 ಗಂಟೆ, ಮಾತುಕತೆ ಮತ್ತು ಸಾಗಾಟಕ್ಕೆ 8 ಗಂಟೆ. ಗಂಟೆಗೆ ಸುಮಾರು 0.96 ಸಿಕ್ಕಿತು.

ಈಗ ಒಂದು ಹೋಟೆಲ್‌ಗೆ 40 ಕುರ್ಚಿ. ಬಿಲ್ ಹತ್ತುಪಟ್ಟು, ಅಂದರೆ 1000. ಸಾಮಾನಿಗೆ 450. ಉಳಿದದ್ದು 550. ಕೆಲಸಕ್ಕೆ 600 ಗಂಟೆ. ಮೀಟಿಂಗು, ಡ್ರಾಯಿಂಗ್ ಬದಲಾವಣೆ, ಬಾಕಿ ಹಣಕ್ಕೆ ಓಡಾಟ ಅಂತ ಇನ್ನೂ 90 ಗಂಟೆ. ಗಂಟೆಗೆ 0.80. ಬಿಲ್ ಹತ್ತುಪಟ್ಟಾದರೂ ಗಂಟೆಗೆ ಸಿಕ್ಕಿದ್ದು ಕಡಿಮೆಯೇ, ಅದೂ ತಡವಾಗಿ.

ಅಂಕಿಗಳು ನಿಮ್ಮಲ್ಲಿ ಬೇರೆ ಇರುತ್ತವೆ. ಆದರೆ ಮಾತಿನ ಗಂಟೆಗಳನ್ನೂ, ಕೊಟೇಶನ್ ಕೊಟ್ಟು ಸಿಗದೇ ಹೋದ ಕೆಲಸಗಳ ಗಂಟೆಗಳನ್ನೂ ಸೇರಿಸಿ ಒಂದು ಸಲ ಲೆಕ್ಕ ಹಾಕಿ. ಯಾವ ದಾರಿಯಲ್ಲಿ ದುಡ್ಡು ಸೋರುತ್ತಿದೆ ಅಂತ ತಾನಾಗಿಯೇ ಗೊತ್ತಾಗುತ್ತದೆ.

ಹಳೇ ಗ್ರಾಹಕರು: "ಯಾವಾಗ ಆಗುತ್ತೆ?"

ಒಬ್ಬರ ಮನೆಯ ಕೆಲಸ ನೋಡಿ ಇನ್ನೊಬ್ಬರು ಬಂದರೆ ಅರ್ಧ ಮಾತು ಆಗಲೇ ಮುಗಿದಿರುತ್ತದೆ. ಡ್ರಾಯರ್ ಎಳೆದು ನೋಡಿದ್ದಾರೆ. ಟೇಬಲ್ ಮೇಲೆ ಕೈಯಾಡಿಸಿದ್ದಾರೆ. ಐದು ವರ್ಷವಾದರೂ ಬಾಗಿಲು ಸರಿಯಾಗಿ ಮುಚ್ಚುತ್ತದೆ ಅಂತ ಮನೆಯವರೇ ಹೇಳಿದ್ದಾರೆ. ಇನ್ನು ಕೇಳಲು ಉಳಿದಿರುವುದು ದಿನಾಂಕ ಮಾತ್ರ. ಗಂಟೆಯ ಲೆಕ್ಕದಲ್ಲಿ ಇದನ್ನು ಮೀರಿಸುವ ದಾರಿ ನಾನು ಕಂಡಿಲ್ಲ.

ಕಷ್ಟ ಏನಂದರೆ ಇದನ್ನು ಬೇಕೆಂದಾಗ ನಲ್ಲಿ ತಿರುಗಿಸಿದ ಹಾಗೆ ಶುರು ಮಾಡಲಾಗುವುದಿಲ್ಲ. ಆದರೂ ಸುಮ್ಮನೆ ಕಾಯಬೇಕಾಗಿಲ್ಲ. ನಾನು ಮಾಡುವುದು ಇಷ್ಟು: ಕೆಲಸ ಮುಗಿದು ಒಂದು ವರ್ಷ ಆಗುವ ಹೊತ್ತಿಗೆ ಕರೆಯದೇ ಹೋಗಿ ನೋಡಿ ಬರುತ್ತೇನೆ. ಇದಕ್ಕೆ ಮರದಲ್ಲೇ ಕಾರಣ ಇದೆ. ಗಾಳಿಯ ತೇವ ಏರಿಳಿದಂತೆ ಮರ ಹಿಗ್ಗಿ ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ ಅನ್ನಬಹುದು. ಅಡ್ಡಕ್ಕೆ ಆಡುತ್ತದೆ. ಅದರಲ್ಲೂ ವರ್ಷದ ಬಳೆಗಳು ಸುತ್ತುವ ದಿಕ್ಕಿನಲ್ಲಿ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡುಪಟ್ಟು. ಒಂದು ಮೀಟರ್ ಅಗಲದ ಟೇಬಲ್ ಹಲಗೆ ಒಂದು ವರ್ಷದೊಳಗೆ ಕೆಲವು ಮಿಲಿಮೀಟರ್, ಕೆಲವು ಮರಗಳಲ್ಲಿ ಒಂದು ಸೆಂಟಿಮೀಟರ್‌ವರೆಗೂ ಆಡಬಹುದು. ತೇಗ ಕಡಿಮೆ ಆಡುತ್ತದೆ, ಓಕ್ ಜಾಸ್ತಿ. ಎಲ್ಲಾ ಕಾಲ ಒಂದು ಸುತ್ತು ಕಳೆದ ಮೇಲೆ ಯಾವ ಡ್ರಾಯರ್ ಬಿಗಿಯಾಯಿತು, ಯಾವ ಬಾಗಿಲು ಉಜ್ಜುತ್ತಿದೆ ಅಂತ ಗೊತ್ತಾಗುತ್ತದೆ. ಮರ ಹೆರೆಯುವ ಹತ್ತರಿಯಲ್ಲಿ ಎರಡು ಎಳೆ ತೆಗೆದು, ಹಿಂಜ್ ಬಿಗಿ ಮಾಡಿ, ಎಣ್ಣೆ ಒರೆಸಿ ಬಂದರೆ ಒಂದು ಗಂಟೆಯ ಕೆಲಸ. ಆ ಮನೆಯವರು ಅದನ್ನು ಹತ್ತು ಜನಕ್ಕೆ ಹೇಳುತ್ತಾರೆ. ಯಾಕೆಂದರೆ ದುಡ್ಡು ತಗೊಂಡ ಮೇಲೆ ಕರೆಯದೇ ಬಂದ ಬಡಗಿಯನ್ನು ಅವರು ನೋಡಿರುವುದಿಲ್ಲ!

ಈ ದಾರಿಗೆ ಒಂದು ಮುಳ್ಳೂ ಇದೆ. ಬಾಯಿಮಾತಿನ ಜೊತೆ ನಿಮ್ಮ ಹಳೇ ರೇಟೂ ಹೋಗುತ್ತದೆ. "ಅವರಿಗೆ ಇಷ್ಟಕ್ಕೇ ಮಾಡಿಕೊಟ್ರಂತೆ" ಅಂತ ಹೊಸಬರು ಬರುತ್ತಾರೆ. ನೀವು ಶುರುವಿನಲ್ಲಿ ಸಿಕ್ಕಷ್ಟಕ್ಕೆ ಕೆಲಸ ಮಾಡಿದ್ದರೆ, ಆ ಗ್ರಾಹಕರು ಕಳಿಸುವವರೂ ಅಷ್ಟನ್ನೇ ನಿರೀಕ್ಷಿಸುತ್ತಾರೆ. ಇಂಥ ಬಳಗದಿಂದ ಬೆಲೆ ಏರಿಸಿಕೊಂಡು ಮೇಲೆ ಹೋಗುವುದು ತುಂಬಾ ನಿಧಾನ. ಹಾಗಿದ್ದರೆ ಮುಂದಿನ ದಾರಿಯನ್ನು ಗಂಭೀರವಾಗಿ ನೋಡಬೇಕು.

ಆರ್ಕಿಟೆಕ್ಟ್ ಮತ್ತು ಇಂಟೀರಿಯರ್ ಡಿಸೈನರ್: "ಈ ಡ್ರಾಯಿಂಗ್ ನೋಡಿ, ಆಗುತ್ತಾ?"

ಇಲ್ಲಿ ಪ್ರಶ್ನೆ ದುಡ್ಡಿನದ್ದಲ್ಲ, ಕೈಚಳಕದ್ದು. ಅದಕ್ಕೇ ಈ ದಾರಿ ನನಗಿಷ್ಟ. ದುಡ್ಡಿನ ಮಾತನ್ನು ಡಿಸೈನರ್ ಆಗಲೇ ಮನೆಯ ಯಜಮಾನರ ಜೊತೆ ಆಡಿರುತ್ತಾರೆ. ಬಜೆಟ್‌ನಲ್ಲಿ ನಿಮ್ಮ ಕೆಲಸಕ್ಕೆ ಒಂದು ಸಾಲು ಇರುತ್ತದೆ.

ಸ್ಯಾಮ್ ಮಲೂಫ್ ಎಂಬ ಅಮೆರಿಕದ ಮರಗೆಲಸಗಾರರ ಕಥೆ ಇಲ್ಲಿ ನೆನಪಾಗುತ್ತದೆ. ಅವರ ತೂಗುಕುರ್ಚಿಗಳು ಆಮೇಲೆ ಮ್ಯೂಸಿಯಂ ಸೇರಿದವು. 1985ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು. ಆದರೆ 1950ರ ದಶಕದಲ್ಲಿ, ಇನ್ನೂ ಹೆಸರು ಮಾಡುವ ಮೊದಲು ಅವರಿಗೆ ಸಿಕ್ಕ ದೊಡ್ಡ ಕೆಲಸಗಳಲ್ಲಿ ಒಂದು ಹೆನ್ರಿ ಡ್ರೈಫಸ್ ಅವರ ಮನೆಯ ಪೀಠೋಪಕರಣ. ಡ್ರೈಫಸ್ ಸ್ವತಃ ಹೆಸರಾಂತ ಡಿಸೈನರ್. ಒಳ್ಳೆಯ ಕಣ್ಣಿರುವ ಒಬ್ಬರು ಒಪ್ಪಿಕೊಂಡರೆ ಅವರ ಸುತ್ತ ಇರುವವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಡಿಸೈನರ್‌ಗಳ ಹತ್ತಿರ ಹೋಗುವಾಗ ಫೋಟೋ ಆಲ್ಬಮ್ ಹಿಡಿದು ಹೋಗಬೇಡಿ. ಫೋಟೋ ಅವರು ದಿನಾ ನೋಡುತ್ತಾರೆ. ನಾನು ಒಂದು ಪೆಟ್ಟಿಗೆ ತಗೊಂಡು ಹೋಗುತ್ತೇನೆ. ಒಂದೇ ಮರದ ನಾಲ್ಕು ತುಂಡು, ನಾಲ್ಕು ಬೇರೆ ಬೇರೆ ಫಿನಿಶ್. ಹಿಂದೆ ಯಾವ ಫಿನಿಶ್, ಎಷ್ಟು ಕೋಟ್, ನೀರು ಬಿದ್ದರೆ ಏನಾಗುತ್ತದೆ ಅಂತ ಬರೆದಿರುತ್ತದೆ. ಜೊತೆಗೆ ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಹಲ್ಲುಗಳ ಜಾಯಿಂಟ್) ಹಾಕಿದ ಒಂದು ಡ್ರಾಯರ್‌ನ ಮೂಲೆ, ಅರ್ಧಕ್ಕೆ ಕೊಯ್ದು ಒಳಗೆ ಕಾಣುವ ಹಾಗೆ ಮಾಡಿದ ಒಂದು ಜಾಯಿಂಟ್. ಇವನ್ನು ಮೇಜಿನ ಮೇಲಿಟ್ಟರೆ ಯಾರೂ ಕೈಯಲ್ಲಿ ಹಿಡಿಯದೇ ಇರುವುದಿಲ್ಲ. ವಾಪಸ್ ಕೇಳಬೇಡಿ. ಅವರ ಆಫೀಸಿನಲ್ಲೇ ಇರಲಿ.

ಅವರಿಗೆ ಬೇಕಾದದ್ದು ಮೂರೇ: ಹೇಳಿದ ದಿನಕ್ಕೆ ಬರುವುದು, ಡ್ರಾಯಿಂಗ್‌ನಂತೆ ಬರುವುದು, ಗ್ರಾಹಕರ ಮುಂದೆ ಮುಖಭಂಗ ಮಾಡದಿರುವುದು. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಡ್ರಾಯಿಂಗ್‌ನಲ್ಲಿ ತಪ್ಪು ಇದ್ದೇ ಇರುತ್ತದೆ. ಉದಾಹರಣೆಗೆ, ಅಗಲವಾದ ಅಸಲಿ ಮರದ ಹಲಗೆಯನ್ನು ನಾಲ್ಕೂ ಕಡೆ ಫ್ರೇಮಿಗೆ ಅಂಟಿಸಿ ಅಂತ ಬರೆದಿರುತ್ತಾರೆ. ಹಾಗೆ ಮಾಡಿದರೆ ಅದು ಸೀಳುತ್ತದೆ. ಸೈಟ್‌ನಲ್ಲಿ ಎಲ್ಲರ ಎದುರು "ಇದು ನಡೆಯೋದಿಲ್ಲ ಮೇಡಂ" ಅಂದರೆ ನೀವು ಸರಿ, ಆದರೆ ಮುಂದಿನ ಕೆಲಸ ಬೇರೆಯವರಿಗೆ. ಮೊದಲೇ ಫೋನ್ ಮಾಡಿ, "ಹಲಗೆಯನ್ನು ಫ್ರೇಮಿನೊಳಗೆ ಕೊರೆದ ಸಂದಿನಲ್ಲಿ ಅಂಟಿಲ್ಲದೆ ಬಿಡೋಣ, ಹೊರಗಿನಿಂದ ನೋಡೋಕೆ ಹಾಗೇ ಇರುತ್ತೆ" ಅಂದರೆ ಆ ಡಿಸೈನರ್ ನಿಮ್ಮನ್ನು ಬಿಡುವುದಿಲ್ಲ.

ಆರ್ಕಿಟೆಕ್ಟ್‌ಗೂ ಇಂಟೀರಿಯರ್ ಡಿಸೈನರ್‌ಗೂ ಒಂದು ವ್ಯತ್ಯಾಸ ಗಮನಿಸಿ. ಆರ್ಕಿಟೆಕ್ಟ್ ಮನೆ ಕಾಗದದ ಮೇಲಿರುವಾಗ ಮಾತಾಡುತ್ತಾರೆ. ಕೆಲಸ ಕೈಗೆ ಬರುವುದು ವರ್ಷದ ಮೇಲೆ. ಬಾಗಿಲು, ಮೆಟ್ಟಿಲು, ಲೈಬ್ರರಿಯಂಥ ದೊಡ್ಡ ಕೆಲಸ ಅಲ್ಲಿಂದಲೇ ಬರುತ್ತದೆ. ಡಿಸೈನರ್ ಕೊನೆಗೆ ಬರುತ್ತಾರೆ, ಅವಸರದಲ್ಲಿ ಬರುತ್ತಾರೆ. ಗೃಹಪ್ರವೇಶದ ದಿನ ಗೊತ್ತಾಗಿರುತ್ತದೆ, ಟೇಬಲ್ ಗೊತ್ತಾಗಿರುವುದಿಲ್ಲ.

ತೊಂದರೆಗಳೂ ಇವೆ. ಕೆಲವರು ಕಮಿಷನ್ ಕೇಳುತ್ತಾರೆ. ಕೆಲವರು ನಿಮ್ಮ ಬಿಲ್ ಮೇಲೆ ತಮ್ಮದನ್ನು ಸೇರಿಸಿ ಗ್ರಾಹಕರಿಗೆ ಹೇಳುತ್ತಾರೆ. ಎರಡೂ ನಡೆಯುತ್ತದೆ, ಮೊದಲೇ ಬರೆದು ಒಪ್ಪಿಕೊಂಡರೆ. ಬಿಲ್ ಯಾರ ಹೆಸರಿಗೆ, ಅಡ್ವಾನ್ಸ್ ಯಾರು ಕೊಡುತ್ತಾರೆ, ಫೋಟೋ ಹಾಕಬಹುದಾ, ಐದು ವರ್ಷದ ಮೇಲೆ ಆ ಮನೆಯವರು ನೇರವಾಗಿ ನಿಮಗೇ ಫೋನ್ ಮಾಡಿದರೆ ಏನು ಮಾಡಬೇಕು. ಈ ನಾಲ್ಕು ಪ್ರಶ್ನೆ ಕೇಳದೇ ಕೆಲಸ ಹಿಡಿಯಬೇಡಿ. ಇನ್ನೊಂದು, ಒಬ್ಬರೇ ಡಿಸೈನರ್‌ನಿಂದ ಅರ್ಧಕ್ಕಿಂತ ಜಾಸ್ತಿ ಕೆಲಸ ಬರುತ್ತಿದ್ದರೆ ನೀವು ಅವರ ಸಂಬಳದ ಆಳು ಇದ್ದಂತೆ, ಸಂಬಳ ಮಾತ್ರ ಇಲ್ಲ. ಅವರ ಕೆಲಸ ನಿಂತ ದಿನ ನಿಮ್ಮದೂ ನಿಲ್ಲುತ್ತದೆ. ಮೂರು ಜನ ಇರಲಿ.

ಬಿಲ್ಡರ್ ಮತ್ತು ಕಾಂಟ್ರಾಕ್ಟರ್‌ಗಳನ್ನು ಇದೇ ಸಾಲಿಗೆ ಸೇರಿಸುವವರಿದ್ದಾರೆ. ನಾನು ಸೇರಿಸುವುದಿಲ್ಲ. ಅವರ ಲಾಭ ನಿಮ್ಮ ರೇಟ್ ಇಳಿಸುವುದರಲ್ಲಿದೆ. ಕೈ ಖಾಲಿ ಇದ್ದಾಗ ಮಾಡಬಹುದು, ಅಷ್ಟೇ.

ಇನ್‌ಸ್ಟಾಗ್ರಾಂ, ಗೂಗಲ್, ಸ್ವಂತ ವೆಬ್‌ಸೈಟ್: "ರೇಟ್ ಎಷ್ಟು?"

ನನ್ನ ಡೈರಿಯ "ರೇಟ್ ಎಷ್ಟು" ಸಾಲುಗಳಲ್ಲಿ ಬಹುಪಾಲು ಇಲ್ಲಿಂದ ಬಂದವು. ಅದು ಆ ಜನರ ತಪ್ಪಲ್ಲ. ಫೋಟೋದಲ್ಲಿ ಬಣ್ಣ ಕಾಣುತ್ತದೆ, ಆಕಾರ ಕಾಣುತ್ತದೆ. ತೂಕ ಕಾಣುವುದಿಲ್ಲ, ಜಾಯಿಂಟ್ ಕಾಣುವುದಿಲ್ಲ. ಪ್ಲೈವುಡ್‌ಗೂ ಅಸಲಿ ತೇಗಕ್ಕೂ ಸ್ಕ್ರೀನ್ ಮೇಲೆ ವ್ಯತ್ಯಾಸವೇ ಇಲ್ಲ. ಮತ್ತೆ ಕೇಳೋದಾದರೂ ಏನನ್ನು, ರೇಟನ್ನೇ ಅಲ್ವಾ?

ಇನ್ನೊಂದು ತಮಾಷೆ. ಇನ್‌ಸ್ಟಾಗ್ರಾಂನಲ್ಲಿ ನನ್ನನ್ನು ಫಾಲೋ ಮಾಡುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ನನ್ನಂಥ ಮರಗೆಲಸದವರೇ. ಗರಗಸದ ವಿಡಿಯೋ ಹಾಕಿದರೆ ಲೈಕ್ ಸುರಿಯುತ್ತದೆ. ಒಂದೂ ಆರ್ಡರ್ ಬರುವುದಿಲ್ಲ.

ಹಾಗಂತ ಬಿಡಬೇಕಾಗಿಲ್ಲ. ಅದನ್ನು ಬಲೆ ಅಂತ ನೋಡದೆ ಸಾಕ್ಷಿ ಅಂತ ನೋಡಿ. ಇದು ಹೊಸದೇನಲ್ಲ. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲೇ ತನ್ನ ಪೀಠೋಪಕರಣಗಳ ವಿನ್ಯಾಸವನ್ನು ದೊಡ್ಡ ಪುಸ್ತಕವಾಗಿ ಅಚ್ಚು ಹಾಕಿಸಿದ್ದ. ಶ್ರೀಮಂತರ ಮನೆಗಳಲ್ಲಿ ಆ ಪುಟಗಳನ್ನು ತಿರುವಿ ಇಂಥದ್ದು ಬೇಕು ಅಂತ ಬೆರಳಿಡುತ್ತಿದ್ದರು. ನಿಮ್ಮ ವೆಬ್‌ಸೈಟ್ ಮಾಡಬೇಕಾದದ್ದೂ ಅದನ್ನೇ. ಯಾರೋ ನಿಮ್ಮ ಹೆಸರು ಹೇಳಿರುತ್ತಾರೆ. ಗ್ರಾಹಕರು ರಾತ್ರಿ ಮಲಗುವ ಮುಂಚೆ ಫೋನ್‌ನಲ್ಲಿ ನಿಮ್ಮನ್ನು ಹುಡುಕುತ್ತಾರೆ. ಆಗ ಅವರಿಗೆ 200 ಫೋಟೋ ಬೇಡ. ಹತ್ತು ಹನ್ನೆರಡು ಒಳ್ಳೆಯ ಕೆಲಸ ಸಾಕು. ಡ್ರಾಯರ್‌ನ ಒಳಗೆ, ಬೀರುವಿನ ಹಿಂಬದಿ, ಟೇಬಲ್‌ನ ಅಡಿ, ಹೀಗೆ ಬೇರೆಯವರು ತೋರಿಸದ ಜಾಗಗಳನ್ನು ತೋರಿಸಿ. ಯಾವ ಮರ, ಎಷ್ಟು ವಾರ ಹಿಡಿಯಿತು, ಬೆಲೆ ಎಷ್ಟರಿಂದ ಶುರು ಅಂತ ಬರೆಯಿರಿ. ಬೆಲೆ ಬರೆದರೆ ಗ್ರಾಹಕರು ಓಡಿಹೋಗುತ್ತಾರೆ ಅಂತ ಹೆದರುವವರಿದ್ದಾರೆ. ಓಡಿಹೋಗುವವರು ಹೇಗಿದ್ದರೂ ಓಡುತ್ತಿದ್ದರು, ನಿಮ್ಮ ಎರಡು ಗಂಟೆ ತಿಂದು.

ಇವುಗಳೊಳಗೆ ಒಂದನ್ನೇ ಆರಿಸಿ ಅಂದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ವರ್ಕ್‌ಶಾಪ್ ಕಾಣುವ ಹಾಗೆ ಮಾಡಿಕೊಳ್ಳಿ ಅನ್ನುತ್ತೇನೆ. ಅಲ್ಲಿ ಹುಡುಕುವವರಿಗೆ ಕೆಲಸ ಇರುತ್ತದೆ. ಇನ್‌ಸ್ಟಾಗ್ರಾಂ ನೋಡುವವರಿಗೆ ಹೊತ್ತು ಇರುತ್ತದೆ.

ಎಟ್ಸಿಯಂಥ ಆನ್‌ಲೈನ್ ಸಂತೆಗಳ ಬಗ್ಗೆ ಎರಡೇ ಮಾತು. 2005ರಲ್ಲಿ ಶುರುವಾದ ಎಟ್ಸಿ 2022ರಲ್ಲಿ ಪ್ರತಿ ಮಾರಾಟದ ಮೇಲಿನ ಶುಲ್ಕವನ್ನು 5%ರಿಂದ 6.5%ಕ್ಕೆ ಏರಿಸಿತು. ಆ ಶುಲ್ಕ ದೊಡ್ಡ ವಿಷಯವಲ್ಲ. ಬೀರು, ಮಂಚ, ಮೆಟ್ಟಿಲು ಪೆಟ್ಟಿಗೆಯಲ್ಲಿ ಕಳಿಸುವ ವಸ್ತುಗಳಲ್ಲ ಅನ್ನೋದೇ ದೊಡ್ಡ ವಿಷಯ. ಒಂದು ಹವೆಯಲ್ಲಿ ಒಣಗಿದ ಮರ ಇನ್ನೊಂದು ಹವೆಗೆ ಹೋದಾಗ ಏನು ಮಾಡುತ್ತದೋ ನೋಡಲು ನೀವು ಅಲ್ಲಿರುವುದಿಲ್ಲ. ಬೀಟೆ ಮರದಲ್ಲಿ ಕೆಲಸ ಮಾಡುವವರು ಇನ್ನೂ ಎಚ್ಚರವಾಗಿರಬೇಕು. ಬೀಟೆಯ ಡಾಲ್ಬರ್ಜಿಯಾ ಕುಲವನ್ನು 2017ರ ಜನವರಿಯಿಂದ ಪೂರ್ತಿಯಾಗಿ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಪಟ್ಟಿಗೆ ಸೇರಿಸಿದ್ದಾರೆ. ಗಡಿ ದಾಟಿಸಿ ಮಾರಲು ಸಾಮಾನ್ಯವಾಗಿ ಪರವಾನಗಿ ಬೇಕು. ಸಣ್ಣ ಪೆಟ್ಟಿಗೆ, ಸೌಟು, ತಟ್ಟೆ ಮಾಡುವವರಿಗೆ ಈ ಸಂತೆ ಸರಿ. ದೊಡ್ಡ ಕೆಲಸದವರಿಗಲ್ಲ.

ಪ್ರದರ್ಶನ ಮತ್ತು ಗ್ಯಾಲರಿ: "ಇದನ್ನ ನೀವೇ ಮಾಡಿದ್ದಾ?"

ಈ ಪ್ರಶ್ನೆ ಕೇಳಿದಾಗ ಆಗುವ ಖುಷಿಗೆ ಬೆಲೆ ಕಟ್ಟಲಾಗದು. ಸ್ಟಾಲ್ ಬಾಡಿಗೆಗೆ ಮಾತ್ರ ಬೆಲೆ ಇದೆ.

ಮೊದಲ ಸಲ ನಾನು ಆರು ಕುರ್ಚಿ ಹೊತ್ತುಕೊಂಡು ಹೋದೆ. ನಾಲ್ಕು ದಿನ ನಿಂತೆ. ಆರನ್ನೂ ವಾಪಸ್ ತಂದೆ. ಆ ನಾಲ್ಕು ದಿನ ವರ್ಕ್‌ಶಾಪ್ ಬೀಗ ಹಾಕಿತ್ತು. ಇನ್ನು ಈ ಕಡೆ ತಲೆಹಾಕುವುದಿಲ್ಲ ಅಂದುಕೊಂಡೆ. ಒಂದೂವರೆ ವರ್ಷದ ಮೇಲೆ ಒಬ್ಬರು ಫೋನ್ ಮಾಡಿದರು. ಆವತ್ತು ಕುರ್ಚಿಯಲ್ಲಿ ಕೂತಿದ್ದವರಂತೆ, ಕಾರ್ಡ್ ಇಟ್ಟುಕೊಂಡಿದ್ದರಂತೆ. ಮನೆ ಕಟ್ಟಿ ಮುಗಿಯುತ್ತಿದೆ, ಒಂದು ಗೋಡೆ ಪೂರ್ತಿ ಪುಸ್ತಕದ ಕಪಾಟು ಬೇಕು ಅಂದರು. ಆ ವರ್ಷದ ಅತಿ ಒಳ್ಳೆಯ ಕೆಲಸ ಅದೇ.

ಅದರಿಂದ ನನಗೆ ಗೊತ್ತಾದದ್ದು, ಪ್ರದರ್ಶನ ಆರಿಸುವಾಗ ಕರಕುಶಲ ಮೇಳಕ್ಕಿಂತ ಮನೆ ಕಟ್ಟುವವರು ಬರುವ ಮೇಳ ಮೇಲು. ಕರಕುಶಲ ಮೇಳಕ್ಕೆ ಜನ ಕೈಯಲ್ಲಿ ಹಿಡಿದುಕೊಂಡು ಹೋಗುವ ವಸ್ತುವಿಗೆ ಬರುತ್ತಾರೆ. ಮನೆ ಮೇಳಕ್ಕೆ ಬರುವವರ ತಲೆಯಲ್ಲಿ ಖಾಲಿ ಗೋಡೆ ಇರುತ್ತದೆ. ಆರು ವಸ್ತು ಬೇಡ, ಒಂದೇ ಒಂದು ಒಳ್ಳೆಯದು ಸಾಕು. ಮಾರಲು ಹೋಗುತ್ತಿಲ್ಲ, ಮುಟ್ಟಿಸಲು ಹೋಗುತ್ತಿದ್ದೀರಿ.

ಗ್ಯಾಲರಿಗಳು ಮಾರಾಟದ ಬೆಲೆಯಲ್ಲಿ ಸಾಮಾನ್ಯವಾಗಿ 40ರಿಂದ 50% ಇಟ್ಟುಕೊಳ್ಳುತ್ತವೆ. ನಿಮ್ಮದೇ ಶೈಲಿ, ನಿಮ್ಮದೇ ಹೆಸರು ಇದ್ದರೆ ಅದು ನ್ಯಾಯವೇ. ಅಳತೆಗೆ ತಕ್ಕಂತೆ ವಾರ್ಡ್‌ರೋಬ್ ಮಾಡುವವರಿಗೆ ಅಲ್ಲಿ ಜಾಗವಿಲ್ಲ. ಅದರ ಬದಲು ವರ್ಕ್‌ಶಾಪಿಗೇ ಜನರನ್ನು ಕರೆಯಿರಿ. ಅಮೆರಿಕದ ಹೆಸರಾಂತ ಮರಗೆಲಸಗಾರ ಜಾರ್ಜ್ ನಕಾಶಿಮಾ ಅವರಲ್ಲಿ ದೊಡ್ಡ ದೊಡ್ಡ ಹಲಗೆಗಳ ದಾಸ್ತಾನೇ ಇರುತ್ತಿತ್ತು. ಪ್ರತಿ ಕೆಲಸಕ್ಕೂ ಅದರಿಂದಲೇ ಹಲಗೆ ಆರಿಸುತ್ತಿದ್ದರು. 1973ರಲ್ಲಿ ಅಲ್ಲಿನ ಸಿರಿವಂತ ರಾಜಕಾರಣಿ ನೆಲ್ಸನ್ ರಾಕ್‌ಫೆಲ್ಲರ್ ತಮ್ಮ ಮನೆಗೆ ಅವರಿಂದ 200 ವಸ್ತುಗಳನ್ನು ಮಾಡಿಸಿದರು. ನಮಗೆ ರಾಕ್‌ಫೆಲ್ಲರ್ ಸಿಗದಿರಬಹುದು. ಆದರೆ ತನ್ನ ಟೇಬಲ್‌ನ ಹಲಗೆಯನ್ನು ತಾನೇ ನಿಂತು ಆರಿಸಿಕೊಂಡವರು ಆಮೇಲೆ ಬೇರೆ ಕಡೆ ಕೊಟೇಶನ್ ತರಿಸಿದ್ದನ್ನು ನಾನು ನೋಡಿಲ್ಲ.

ಹೋಟೆಲ್, ಆಫೀಸ್: "ಎಷ್ಟು ದಿನಕ್ಕೆ ಎಷ್ಟು ಪೀಸ್?"

ಮೇಲೆ ಹಾಕಿದ 40 ಕುರ್ಚಿಯ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಒಂದು ಹೋಟೆಲ್‌ನ ಕೆಲಸ ಮಾಡಿ ಕೊನೆಯ 10% ಹಣಕ್ಕೆ ಒಂದು ವರ್ಷ ಅಲೆದಿದ್ದೇನೆ. ತಪ್ಪು ನನ್ನದೂ ಇತ್ತು. ಕಾಗದ ಸರಿಯಾಗಿ ಓದಿರಲಿಲ್ಲ. ಇಂಥ ಕೆಲಸಗಳಲ್ಲಿ 5 ಅಥವಾ 10% ಹಣವನ್ನು ದೋಷಗಳಿಗೆಂದು ಹಿಡಿದಿಡುವುದು ಮಾಮೂಲು. ಬಿಲ್ ಕೊಟ್ಟು ಎರಡು ಮೂರು ತಿಂಗಳ ಮೇಲೆ ದುಡ್ಡು ಬರುವುದೂ ಮಾಮೂಲು. ಅಷ್ಟು ದಿನ ಮರದವರಿಗೆ, ಕೆಲಸದವರಿಗೆ ದುಡ್ಡು ಎಲ್ಲಿಂದ ತರುತ್ತೀರಿ? ಉತ್ತರ ಇದ್ದರೆ ಮಾತ್ರ ಹೋಗಿ.

ಬೇರೆ ಬೇಡಿಕೆಗಳೂ ಇರುತ್ತವೆ. ಮರ ಎಲ್ಲಿಂದ ಬಂತು ಅನ್ನುವುದಕ್ಕೆ ಎಫ್‌ಎಸ್‌ಸಿ ಪ್ರಮಾಣಪತ್ರ ಕೇಳಬಹುದು. ಬೆಂಕಿ ನಿಯಮಕ್ಕೆ ತಕ್ಕ ಫಿನಿಶ್ ಕೇಳಬಹುದು. ದಿನವಿಡೀ ಎ.ಸಿ. ಓಡುವ ಲಾಬಿಯಲ್ಲಿ ಗಾಳಿ ಒಣಗಿರುತ್ತದೆ, ಸರಿಯಾಗಿ ಒಣಗಿಸದ ಮರ ಅಲ್ಲಿ ಬಾಯಿ ಬಿಡುತ್ತದೆ. ತೇವ ಅಳೆಯುವ ಮೀಟರ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಇದರೊಳಗೇ ಒಂದು ಚಿಕ್ಕ ದಾರಿ ಇದೆ, ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಒಬ್ಬರೇ ನಡೆಸುವ ಕ್ಲಿನಿಕ್, ವಕೀಲರ ಆಫೀಸ್, ಒಡವೆ ಅಂಗಡಿ, ಬಟ್ಟೆಯ ಬುಟಿಕ್. ಇಲ್ಲಿ ಒಪ್ಪುವವರೂ, ದುಡ್ಡು ಕೊಡುವವರೂ, ದಿನಾ ಬಳಸುವವರೂ ಒಬ್ಬರೇ. ಮೂರು ಮೀಟಿಂಗ್ ಇಲ್ಲ. ರಿಸೆಪ್ಶನ್ ಟೇಬಲ್ ಒಂದನ್ನು ಚೆನ್ನಾಗಿ ಮಾಡಿಕೊಟ್ಟರೆ ದಿನಕ್ಕೆ ಹತ್ತಾರು ಜನ ಅದರ ಮೇಲೆ ಮೊಣಕೈ ಊರಿ ನಿಲ್ಲುತ್ತಾರೆ. ಯಾರು ಮಾಡಿದ್ದು ಅಂತ ಕೇಳುತ್ತಾರೆ. ಯಾವ ಸ್ಟಾಲ್‌ಗೂ ಇಷ್ಟು ಜನ ಬರುವುದಿಲ್ಲ.

ಹಾಗಾದರೆ ಯಾವುದು?

ಈಗಷ್ಟೇ ಶುರು ಮಾಡಿದವರಿಗೆ ಹಳೇ ಗ್ರಾಹಕರಿರುವುದಿಲ್ಲ. ಅವರು ಇಂಥ ಒಂದು ಕ್ಲಿನಿಕ್ ಅಥವಾ ಆಫೀಸ್ ಹಿಡಿಯಲಿ. ಆ ಕೆಲಸ ಮುಗಿದ ಮೇಲೆ ಸ್ಯಾಂಪಲ್ ಪೆಟ್ಟಿಗೆ ಹಿಡಿದು ಇಬ್ಬರು ಡಿಸೈನರ್‌ಗಳನ್ನು ನೋಡಲಿ. ಐದಾರು ವರ್ಷ ಆದವರು, ರೇಟ್ ಮೇಲೇರುತ್ತಿಲ್ಲ ಅನ್ನುವವರು, ಆರ್ಕಿಟೆಕ್ಟ್ ಕಡೆ ಹೋಗಲಿ. ಬಂದ ಕೆಲಸವನ್ನೇ ಮುಗಿಸಲಾಗುತ್ತಿಲ್ಲ ಅನ್ನುವವರು ಹೊಸ ದಾರಿ ಹುಡುಕುವುದು ಬಿಟ್ಟು ಮುಂದಿನ ಕೊಟೇಶನ್‌ನಲ್ಲಿ ಬೆಲೆ ಏರಿಸಲಿ. ಕೆಲವರು ಹೋಗುತ್ತಾರೆ, ಹೋಗಲಿ. ಮಾತಾಡುವುದೇ ಬೇಡ, ಕೆಲಸ ಮಾತ್ರ ಸಾಕು ಅನ್ನುವ ಸ್ವಭಾವದವರಿಗೂ ಡಿಸೈನರ್ ದಾರಿಯೇ ಸರಿ. ಮಾತು ಅವರು ಆಡುತ್ತಾರೆ. ಕಮಿಷನ್ ಕೊಡುವುದು ಅದಕ್ಕೇ ಅಂತ ತಿಳಿದರಾಯಿತು.

ಯಾವ ದಾರಿ ಹಿಡಿದರೂ "ರೇಟ್ ಎಷ್ಟು" ಅನ್ನುವ ಮೆಸೇಜ್ ಬಂದೇ ಬರುತ್ತದೆ. ಅದಕ್ಕೆ ನನ್ನ ಫೋನ್‌ನಲ್ಲಿ ಒಂದು ಉತ್ತರ ಬರೆದಿಟ್ಟಿದ್ದೇನೆ: "ನಮಸ್ಕಾರ. ಇಂಥ ಕೆಲಸ ನಮ್ಮಲ್ಲಿ ಇಷ್ಟರಿಂದ ಇಷ್ಟರವರೆಗೆ ಆಗುತ್ತದೆ. ಈಗ ಹೇಳಿದರೆ 14 ವಾರಕ್ಕೆ ಕೊಡಬಹುದು. ಸರಿ ಅನ್ನಿಸಿದರೆ ಅಳತೆಗೆ ಬರುತ್ತೇನೆ. ಅಳತೆ ಮತ್ತು ಡ್ರಾಯಿಂಗ್‌ಗೆ ಶುಲ್ಕ ಇದೆ, ಕೆಲಸ ಕೊಟ್ಟರೆ ಬಿಲ್‌ನಲ್ಲಿ ಕಳೆಯುತ್ತೇನೆ." ಬಹಳ ಜನ ಇದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಬ್ಬರು, "ಶನಿವಾರ ಬೆಳಗ್ಗೆ ಬರ್ತೀರಾ?" ಅಂತ ಬರೆಯುತ್ತಾರೆ. ಅದನ್ನು ಡೈರಿಯಲ್ಲಿ ಇನ್ನೊಂದು ಸಾಲಿನಲ್ಲಿ ಬರೆದುಕೊಳ್ಳುತ್ತೇನೆ.